ರೋಮನ್ನರ ‘ಮಣ್ಣಿನ ಮಿಕ್ಸಿ’: ರುಬ್ಬುವ ಬಟ್ಟಲು ಸಿಕ್ಕ ಊರೆಲ್ಲ ರೋಮನ್ನರ ಊರೇ?

ಹಳೆಯ ವಸ್ತುಗಳ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುವಾಗ ಅವುಗಳ ಜೊತೆ ಒಂದು ಕಥೆಯೂ ಅಂಟಿಕೊಂಡು ಬರುತ್ತದೆ. ರೋಮನ್ನರ ಕಾಲದ ರುಬ್ಬುವ ಬಟ್ಟಲನ್ನೇ ನೋಡಿ. ಅಗಲ ಬಾಯಿಯ, ದಪ್ಪ ಗೋಡೆಯ ಮಣ್ಣಿನ ಪಾತ್ರೆ. ಅಂಚು ಹೊರಕ್ಕೆ ಬಾಗಿದೆ. ಒಂದು ಕಡೆ ಸುರಿಯಲು ಸಣ್ಣ ಮೂತಿ. ಇದಕ್ಕೆ ‘ಎರಡು ಸಾವಿರ ವರ್ಷ ಹಳೆಯ ಮಿಕ್ಸಿ’ ಎಂಬ ಹೆಸರು ಸಲೀಸಾಗಿ ಹತ್ತಿಬಿಡುತ್ತದೆ. ಆಮೇಲೆ ಇನ್ನೆರಡು ಮಾತು ಸೇರಿಕೊಳ್ಳುತ್ತವೆ: ‘ಈ ಬಟ್ಟಲು ಸಿಕ್ಕಿದೆ ಎಂದರೆ ಅಲ್ಲಿ ರೋಮನ್ನರೇ ಇದ್ದರು’, ‘ರೋಮನ್ನರು ಬಂದ ಮೇಲೆಯೇ ಅಲ್ಲಿನ ಜನ ಬೇರೆ ಊಟ ಕಲಿತರು’.

ಮಿಕ್ಸಿ ಎನ್ನುವುದು ತಕ್ಕಮಟ್ಟಿಗೆ ಸರಿ. ಆದರೆ ಉಳಿದ ಎರಡು ಮಾತುಗಳು ಪರೀಕ್ಷೆಗೆ ನಿಲ್ಲುವುದಿಲ್ಲ. ಹೇಗೆ ಎಂಬುದನ್ನು ಬ್ರಿಟನ್ನಿನಲ್ಲಿ ಸಿಕ್ಕ ಬಟ್ಟಲುಗಳನ್ನೇ ಇಟ್ಟುಕೊಂಡು ನೋಡೋಣ. ರೋಮ್ ಸಾಮ್ರಾಜ್ಯದ ವಾಯವ್ಯ ತುದಿಯ ಪ್ರಾಂತ್ಯ ಅದು. ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್‌ನ ಸೈನ್ಯ ಅಲ್ಲಿ ಇಳಿಯಿತು. ಮುಂದೆ ಸುಮಾರು ಮೂರೂವರೆ ಶತಮಾನ ಆ ನಾಡು ರೋಮ್‌ನ ಆಳ್ವಿಕೆಯಲ್ಲಿತ್ತು.

ಈ ಬಟ್ಟಲು ನಿಜವಾಗಿ ಏನು?

ಇದರ ಲ್ಯಾಟಿನ್ ಹೆಸರು ‘ಮೋರ್ಟಾರಿಯಂ’. ಚಿತ್ರ ನೋಡಿದವರಲ್ಲಿ ಹಲವರು ಇದನ್ನು ಕಲ್ಲಿನ ಒರಳು ಎಂದುಕೊಳ್ಳುತ್ತಾರೆ. ಕಲ್ಲಿನ ಒರಳುಗಳೂ ರೋಮನ್ನರಲ್ಲಿದ್ದವು. ಆದರೆ ನಾವು ಹೇಳುತ್ತಿರುವ ಬಟ್ಟಲು ಕುಂಬಾರನ ಚಕ್ರದ ಮೇಲೆ ತಿರುಗಿಸಿ, ಆವಿಗೆಯಲ್ಲಿ ಸುಟ್ಟ ಮಣ್ಣಿನದು. ಬಾಯಿ ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸು ಅಗಲ. ಕೆಲವು ಇನ್ನೂ ದೊಡ್ಡವು.

ಮಣ್ಣಿನ ಪಾತ್ರೆಯಲ್ಲಿ ರುಬ್ಬಿದರೆ ಪಾತ್ರೆಯೇ ಸವೆಯುವುದಿಲ್ಲವೇ? ಇದಕ್ಕೆ ಕುಂಬಾರರು ಕಂಡುಕೊಂಡ ಉಪಾಯ ಸರಳ. ಮಣ್ಣು ಇನ್ನೂ ಹಸಿಯಾಗಿದ್ದಾಗಲೇ ಒಳಮೈಗೆ ಗಟ್ಟಿಯಾದ ಕಲ್ಲಿನ ನುಚ್ಚನ್ನು ಒತ್ತಿಬಿಡುತ್ತಿದ್ದರು. ಒಂದೊಂದು ಕಡೆ ಒಂದೊಂದು ಬಗೆಯ ನುಚ್ಚು: ಬೆಣಚುಕಲ್ಲು, ಚಕಮಕಿ ಕಲ್ಲು, ಕೆಲವೆಡೆ ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ. ಸುಟ್ಟ ಮೇಲೆ ಒಳಮೈ ತರಿತರಿಯಾಗಿ ನಿಲ್ಲುತ್ತಿತ್ತು. ನಮ್ಮ ಮನೆಗಳ ಒರಳು ಕಲ್ಲು ಸವೆದು ನುಣುಪಾದಾಗ ಉಳಿಯಿಂದ ಕುಟ್ಟಿಸಿ ಮತ್ತೆ ತರಿ ಮಾಡಿಸುತ್ತಿದ್ದರಲ್ಲ, ಇಲ್ಲಿ ಆ ತರಿಯ ಕೆಲಸವನ್ನು ನುಚ್ಚು ಮಾಡುತ್ತಿತ್ತು. ಎಷ್ಟೋ ಚೂರುಗಳಲ್ಲಿ ಈ ನುಚ್ಚು ತಳದ ಕಡೆ ಪೂರ್ತಿ ಸವೆದು ಹೋಗಿದೆ. ಅಂದರೆ ಅವು ಶೋಕಿಗೆ ಇಟ್ಟ ಪಾತ್ರೆಗಳಲ್ಲ, ದಿನಬಳಕೆಯವು.

ಹೊರಕ್ಕೆ ಬಾಗಿದ ದಪ್ಪ ಅಂಚು ಹಿಡಿದುಕೊಳ್ಳಲು ಅನುಕೂಲ. ಮೂತಿ ಇರುವುದರಿಂದ ಒಳಗೆ ತಯಾರಾಗುತ್ತಿದ್ದದ್ದು ನೀರಾಗಿ ಅಥವಾ ಗೊಜ್ಜಿನ ಹದದಲ್ಲಿ ಇರುತ್ತಿತ್ತು ಎಂದು ಊಹಿಸಬಹುದು. ಗುಂಡು ಅಥವಾ ಕುಟ್ಟಾಣಿ ಮಾತ್ರ ಬಟ್ಟಲುಗಳಷ್ಟು ಸಿಗುವುದಿಲ್ಲ. ಹೆಚ್ಚಿನವು ಮರದವಾಗಿದ್ದು ಮಣ್ಣಿನಲ್ಲಿ ಕೊಳೆತು ಹೋಗಿರಬೇಕು.

ಇನ್ನೊಂದು ವಿಷಯ. ಇದು ಹಿಟ್ಟು ಮಾಡುವ ಸಾಧನ ಅಲ್ಲ. ಅದಕ್ಕೆ ಬೀಸುಕಲ್ಲು ಬೇರೆಯೇ ಇತ್ತು. ತಿರುಗುವ ಬೀಸುಕಲ್ಲು ಬ್ರಿಟನ್ನಿನ ಜನರಿಗೆ ರೋಮನ್ನರು ಬರುವುದಕ್ಕೆ ಮೊದಲೇ ಗೊತ್ತಿತ್ತು.

ಅಂಚಿನ ಮೇಲಿನ ಅಕ್ಷರಗಳು ರಾಜಮುದ್ರೆಯೇ?

ಕೆಲವು ಬಟ್ಟಲುಗಳ ಅಂಚಿನಲ್ಲಿ, ಮೂತಿಯ ಪಕ್ಕದಲ್ಲಿ, ಲ್ಯಾಟಿನ್ ಅಕ್ಷರಗಳ ಮುದ್ರೆ ಇರುತ್ತದೆ. ಇದನ್ನು ನೋಡಿದವರಿಗೆ ಸರ್ಕಾರದ ಗುರುತೋ ಸೈನ್ಯದ ಗುರುತೋ ಎನ್ನಿಸಬಹುದು. ಸಾಮಾನ್ಯವಾಗಿ ಅದು ಬಟ್ಟಲು ಮಾಡಿದ ಕುಂಬಾರನ ಹೆಸರು. ಇಂದಿನ ಪಾತ್ರೆಗಳ ತಳದಲ್ಲಿ ಕಂಪನಿಯ ಹೆಸರು ಒತ್ತಿದಂತೆಯೇ. ಈ ಮುದ್ರೆಗಳು ಹೆಚ್ಚಾಗಿ ಕಾಣುವುದು ಒಂದನೇ ಶತಮಾನದ ನಡುವಿನಿಂದ ಎರಡನೇ ಶತಮಾನದ ಕೊನೆಯವರೆಗೆ. ಆಮೇಲೆ ಮುದ್ರೆ ಹಾಕುವ ರೂಢಿ ನಿಂತುಹೋಯಿತು. ಕೇ ಹಾರ್ಟ್ಲಿ ಎಂಬ ವಿದ್ವಾಂಸೆ ದಶಕಗಳ ಕಾಲ ಈ ಮುದ್ರೆಗಳನ್ನು ಪಟ್ಟಿ ಮಾಡಿ ಅಧ್ಯಯನ ಮಾಡಿದರು. ಯಾವ ಕುಂಬಾರ ಯಾವ ಕಾಲದವನು, ಅವನ ಮಾಲು ಎಲ್ಲೆಲ್ಲಿಗೆ ಹೋಗುತ್ತಿತ್ತು ಎಂದು ಇಂದು ಹೇಳಲು ಆಗುವುದು ಇಂತಹ ಕೆಲಸದಿಂದಲೇ.

ಆ ಹೆಸರುಗಳೇ ಒಂದು ಕುತೂಹಲ. ಲಂಡನ್ನಿನಿಂದ ಈಗಿನ ಸೇಂಟ್ ಆಲ್ಬನ್ಸ್‌ಗೆ ಹೋಗುವ ರೋಮನ್ ಹೆದ್ದಾರಿಯ ಪಕ್ಕದಲ್ಲಿ ಬ್ರಾಕ್ಲಿ ಹಿಲ್ ಎಂಬ ಜಾಗವಿದೆ. ಒಂದನೇ ಶತಮಾನದ ಉತ್ತರಾರ್ಧದಿಂದ ಅಲ್ಲಿಯ ಸುತ್ತಮುತ್ತ ಕುಂಬಾರರ ಆವಿಗೆಗಳು ಉರಿಯುತ್ತಿದ್ದವು. ಆ ಭಾಗದ ಕುಂಬಾರರಲ್ಲಿ ಹೆಸರಾದವನು ಆಲ್ಬಿನಸ್. ಇದು ಅಪ್ಪಟ ಲ್ಯಾಟಿನ್ ಹೆಸರು. ಇನ್ನೊಬ್ಬ ಕುಂಬಾರ ಮಾಟುಗೆನಸ್, ಆಲ್ಬಿನಸ್‌ನ ಮಗ. ಮಗನ ಹೆಸರು ಲ್ಯಾಟಿನ್ನಿನದಲ್ಲ, ಕೆಲ್ಟಿಕ್ ಭಾಷೆಯದು. ಅಂದರೆ ಅಪ್ಪನದು ಆಳುವವರ ಭಾಷೆಯ ಹೆಸರು, ಮಗನದು ಕೆಲ್ಟಿಕ್ ಹೆಸರು, ಇಬ್ಬರೂ ಮಾಡುತ್ತಿದ್ದದ್ದು ಒಂದೇ ‘ರೋಮನ್’ ಬಟ್ಟಲು.

ಹಾಗಾದರೆ ಅವರು ರೋಮನ್ನರೋ ಸ್ಥಳೀಯರೋ? ಈ ಪ್ರಶ್ನೆಗೆ ಬಟ್ಟಲನ್ನು ನೋಡಿ ಉತ್ತರ ಹೇಳಲಾಗದು. ಇಟಲಿಯಿಂದ, ಗಾಲ್ ಪ್ರಾಂತ್ಯದಿಂದ, ಅಂದರೆ ಇಂದಿನ ಫ್ರಾನ್ಸ್ ಕಡೆಯಿಂದ, ಹಡಗಿನಲ್ಲಿ ಬಂದ ಬಟ್ಟಲುಗಳೂ ಇದ್ದವು. ಜೊತೆಗೆ ಕೋಲ್ಚೆಸ್ಟರ್, ಆಕ್ಸ್‌ಫರ್ಡ್ ಸುತ್ತಮುತ್ತ, ವಾರಿಕ್‌ಶೈರ್‌ನ ಮ್ಯಾನ್ಸೆಟರ್ ಮತ್ತು ಹಾರ್ಟ್ಸ್‌ಹಿಲ್, ಹೀಗೆ ಬ್ರಿಟನ್ನಿನಲ್ಲೇ ದೊಡ್ಡ ದೊಡ್ಡ ತಯಾರಿಕಾ ಕೇಂದ್ರಗಳು ಬೆಳೆದವು. ಸಂತೆಯಲ್ಲಿ ಸಿಗುತ್ತಿತ್ತು, ಜನ ಕೊಳ್ಳುತ್ತಿದ್ದರು. ಕೊಂಡವನು ಸೈನಿಕನೂ ಆಗಿರಬಹುದು, ಊರಿನ ರೈತನೂ ಆಗಿರಬಹುದು.

ರೋಮನ್ನರಿಗಿಂತ ಮೊದಲೇ ಬಂದ ಆಲಿವ್

ಒಂದು ಊರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಸಿಲ್ಚೆಸ್ಟರ್ ಎಂಬ ಹಳ್ಳಿ ಇದೆ. ರೋಮನ್ನರ ಕಾಲದಲ್ಲಿ ಅದು ‘ಕಲ್ಲೇವಾ ಅಟ್ರೆಬಾಟುಮ್’ ಎಂಬ ಪಟ್ಟಣ. ಅಟ್ರೆಬಾಟೆಸ್ ಎಂಬುದು ಅಲ್ಲಿದ್ದ ಸ್ಥಳೀಯ ಬುಡಕಟ್ಟಿನ ಹೆಸರು. ರೋಮನ್ ಆಳ್ವಿಕೆ ಮುಗಿದ ಮೇಲೆ ಜನ ಈ ಪಟ್ಟಣವನ್ನು ಬಿಟ್ಟುಹೋದರು. ಅದರ ಮೇಲೆ ಬೇರೆ ನಗರ ಕಟ್ಟಲಿಲ್ಲ. ಹಾಗಾಗಿ ಪಟ್ಟಣದ ಗೋಡೆಗಳು ಇಂದಿಗೂ ಹೊಲಗಳ ನಡುವೆ ನಿಂತಿವೆ, ನೆಲದ ಪದರಗಳೂ ಹೆಚ್ಚು ಕೆಡದೆ ಉಳಿದಿವೆ. ರೆಡಿಂಗ್ ವಿಶ್ವವಿದ್ಯಾಲಯದವರು ಮೈಕೆಲ್ ಫುಲ್ಫರ್ಡ್ ಅವರ ನೇತೃತ್ವದಲ್ಲಿ 1997ರಿಂದ 2014ರವರೆಗೆ ಪ್ರತಿ ಬೇಸಿಗೆಯಲ್ಲಿ ಇಲ್ಲಿ ಅಗೆತ ನಡೆಸಿದರು.

ರೋಮನ್ ಕಾಲದ ಬ್ರಿಟನ್ನಿನ ಬೇರೆ ಪಟ್ಟಣಗಳಂತೆ ಇಲ್ಲಿಯೂ ರುಬ್ಬುವ ಬಟ್ಟಲಿನ ಚೂರುಗಳು ಸಿಕ್ಕಿವೆ. ಆದರೆ ಸುದ್ದಿಯಾದದ್ದು ಬಟ್ಟಲಲ್ಲ, ಒಂದು ಆಲಿವ್ ಬೀಜ. 2012ರಲ್ಲಿ ಪ್ರಕಟವಾದ ಆ ಸುದ್ದಿಯ ಪ್ರಕಾರ, ಬೀಜ ಸಿಕ್ಕಿದ್ದು ಕ್ರಿ.ಶ. 43ಕ್ಕಿಂತ ಹಿಂದಿನ ಒಂದು ಬಾವಿಯಲ್ಲಿ. ಅಲ್ಲಿಯೇ ಕೊತ್ತಂಬರಿ, ಸಬ್ಬಸಿಗೆ, ಸೆಲರಿ ಗಿಡಗಳ ಬೀಜಗಳೂ ಸಿಕ್ಕವು. ಇವೆಲ್ಲ ಮೆಡಿಟರೇನಿಯನ್ ಸಮುದ್ರದ ಸುತ್ತಣ ಅಡುಗೆಯ ಪದಾರ್ಥಗಳು. ರೋಮನ್ ಸೈನ್ಯ ಇನ್ನೂ ಸಮುದ್ರ ದಾಟದಿದ್ದಾಗಲೇ ಈ ಊರಿನ ಕೆಲವರ ಊಟದಲ್ಲಿ ಅವು ಇದ್ದವು.

ಅಷ್ಟೇ ಅಲ್ಲ, ಇಲ್ಲಿ ಆಳುತ್ತಿದ್ದ ಎಪ್ಪಿಲ್ಲಸ್ ಎಂಬ ಸ್ಥಳೀಯ ಅರಸ ತನ್ನ ನಾಣ್ಯಗಳಲ್ಲಿ ಊರಿನ ಹೆಸರನ್ನೂ ‘ಅರಸ’ ಎಂಬ ಪದವನ್ನೂ ಲ್ಯಾಟಿನ್ನಿನಲ್ಲೇ ಬರೆಸಿದ್ದ. ಅದೂ ರೋಮನ್ ಆಕ್ರಮಣಕ್ಕಿಂತ ಮೊದಲು. ರೋಮ್‌ನ ವಸ್ತು, ರುಚಿ, ಲಿಪಿ ಎಲ್ಲವೂ ವ್ಯಾಪಾರದ ದಾರಿಯಲ್ಲಿ ಮೊದಲೇ ಬಂದಿದ್ದವು. ಸೈನ್ಯ ಬಂದದ್ದು ಆಮೇಲೆ.

ಹಾಗಾಗಿ ‘ರೋಮನ್ ವಸ್ತು ಇದೆ, ಆದ್ದರಿಂದ ರೋಮನ್ನರಿದ್ದರು’ ಎಂಬ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ.

ಪುಸ್ತಕದಲ್ಲಿ ಇರುವುದು ಒಂದು

ಈಗ ಎರಡನೇ ಮಾತಿಗೆ ಬರೋಣ. ಬಟ್ಟಲಿನ ಜೊತೆ ಊಟವೂ ಬದಲಾಯಿತೇ?

ರೋಮನ್ನರ ಬರಹಗಳಲ್ಲಿ ಒರಳಿನ ಪ್ರಸ್ತಾಪ ಸಾಕಷ್ಟಿದೆ. ‘ಅಪಿಸಿಯಸ್’ ಹೆಸರಿನಲ್ಲಿ ಉಳಿದಿರುವ ಅಡುಗೆ ಪುಸ್ತಕದಲ್ಲಿ ಸಾಸ್‌ಗಳನ್ನು ಮಾಡುವ ಕ್ರಮ ಎಷ್ಟೋ ಸಲ ಶುರುವಾಗುವುದೇ ಕಾಳುಮೆಣಸು, ಸೊಪ್ಪುಗಳನ್ನು ಒರಳಿಗೆ ಹಾಕಿ ಅರೆಯುವುದರಿಂದ. ಆಮೇಲೆ ಜೇನು, ವಿನೆಗರ್, ಹುಳಿ ಬರಿಸಿದ ಮೀನಿನ ರಸ, ಎಣ್ಣೆ ಸೇರಿಸುತ್ತಾರೆ. ಹಿಂದೆ ವರ್ಜಿಲ್ ಕವಿಯ ಹೆಸರಿಗೆ ಸೇರಿಸುತ್ತಿದ್ದ ‘ಮೊರೆಟುಮ್’ ಎಂಬ ಒಂದು ಕವಿತೆಯಲ್ಲಿ ಬಡ ರೈತನೊಬ್ಬ ಬೆಳ್ಳುಳ್ಳಿ, ಉಪ್ಪು, ಗಿಣ್ಣಿನಂತಹ ಗಟ್ಟಿ ಚೀಸ್, ಸೊಪ್ಪುಗಳನ್ನು ಒರಳಿನಲ್ಲಿ ಅರೆದು ರೊಟ್ಟಿಗೆ ನಂಚಿಕೊಳ್ಳುತ್ತಾನೆ. ಚಟ್ನಿ ಎಂದರೂ ನಡೆಯುತ್ತದೆ.

ಕಾಳುಮೆಣಸು ಭಾರತದ ಮಲಬಾರ್ ಕರಾವಳಿಯಿಂದ ಹೋಗುತ್ತಿದ್ದದ್ದು. ಅದು ಬ್ರಿಟನ್ನಿನ ಉತ್ತರದ ಗಡಿಯವರೆಗೂ ತಲುಪಿತ್ತು. ಅಲ್ಲಿನ ವಿಂಡೋಲಾಂಡಾ ಕೋಟೆಯಲ್ಲಿ ತೆಳು ಮರದ ಹಲಗೆಗಳ ಮೇಲೆ ಶಾಯಿಯಿಂದ ಬರೆದ ಲೆಕ್ಕಪತ್ರಗಳು ಸಿಕ್ಕಿವೆ. ಅವು ಕ್ರಿ.ಶ. 100ರ ಆಸುಪಾಸಿನವು. ಅದರಲ್ಲೊಂದರಲ್ಲಿ ಸೈನಿಕನೊಬ್ಬನ ಹೆಸರಿನ ಮುಂದೆ ಕಾಳುಮೆಣಸು, 2 ಡಿನಾರಿಯಸ್ ಎಂದಿದೆ.

ಇವನ್ನೆಲ್ಲ ಓದಿದ ಸಂಶೋಧಕರು ಬಹಳ ಕಾಲ ಹೀಗೆ ಯೋಚಿಸುತ್ತಿದ್ದರು: ಬಟ್ಟಲು ಬಂದಿದೆ ಎಂದರೆ ಪುಸ್ತಕದಲ್ಲಿರುವ ಅಡುಗೆಯೂ ಬಂದಿದೆ. ಜನ ರೋಮನ್ ರೀತಿಯ ಸಾಸ್ ಮಾಡಿ ತಿನ್ನಲು ಶುರು ಮಾಡಿದ್ದಾರೆ. ಹಾಲು ಹೆಪ್ಪುಗಟ್ಟಿಸಿ ಚೀಸ್ ಮಾಡಲು ಇದನ್ನು ಬಳಸಿರಬಹುದು ಎಂದವರೂ ಇದ್ದರು. ಆದರೆ ಪುಸ್ತಕ ಬರೆದವರು ಮೆಡಿಟರೇನಿಯನ್ ಕಡೆಯ ಅನುಕೂಲಸ್ಥರು. ಬ್ರಿಟನ್ನಿನ ಹೊಲದ ಮನೆಯಲ್ಲಿ ಒಂದು ಬಟ್ಟಲು ಕೊಂಡವಳು ಆ ಪುಸ್ತಕ ಕಂಡಿರಲಿಲ್ಲ.

ಚೂರಿನೊಳಗೆ ಉಳಿದ ಜಿಡ್ಡು

ಅನುಮಾನ ಬಗೆಹರಿಸಲು ಒಂದು ದಾರಿ ಇದೆ. ಬಟ್ಟಲನ್ನೇ ಕೇಳುವುದು.

ಹೊಳಪು ಲೇಪ ಇಲ್ಲದ ಮಣ್ಣಿನ ಪಾತ್ರೆಗೆ ಸೂಕ್ಷ್ಮ ರಂಧ್ರಗಳಿರುತ್ತವೆ. ಹೊಸ ಮಡಕೆ ನೀರು ಹೀರುವುದನ್ನು ನೀವು ನೋಡಿರುತ್ತೀರಿ. ಹಾಗೆಯೇ ಪಾತ್ರೆಯಲ್ಲಿ ಹಾಕಿದ ಪದಾರ್ಥದ ಜಿಡ್ಡು ಗೋಡೆಯೊಳಗೆ ಇಳಿಯುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ನೀರಿನಲ್ಲಿ ಕರಗುವ ಉಪ್ಪು, ಸಕ್ಕರೆ ಮಣ್ಣಿನಡಿ ಕಳೆದುಹೋಗುತ್ತವೆ. ಕೊಬ್ಬು ಮತ್ತು ಮೇಣ ನೀರಿನಲ್ಲಿ ಕರಗದ ಕಾರಣ ಸಾವಿರಾರು ವರ್ಷ ಉಳಿಯಬಲ್ಲವು.

ಪ್ರಯೋಗಾಲಯದಲ್ಲಿ ಚೂರಿನ ಮೇಲ್ಮೈಯನ್ನು ಮೊದಲು ಕೆರೆದು ತೆಗೆಯುತ್ತಾರೆ, ಮುಟ್ಟಿದವರ ಕೈಜಿಡ್ಡು ಸೇರದಿರಲಿ ಎಂದು. ಆಮೇಲೆ ಕೆಲವೇ ಗ್ರಾಂನಷ್ಟು ಒಳಭಾಗವನ್ನು ಪುಡಿ ಮಾಡಿ, ಕ್ಲೋರೋಫಾರ್ಮ್‌ನಂತಹ ದ್ರಾವಕದಲ್ಲಿ ಜಿಡ್ಡನ್ನು ಕರಗಿಸಿ ತೆಗೆಯುತ್ತಾರೆ. ನಂತರ ಯಂತ್ರಗಳ ಸಹಾಯದಿಂದ ಅದರಲ್ಲಿರುವ ಅಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸುತ್ತಾರೆ. ಎಲೆಗಳ ಮೇಲಿನ ಮೇಣಕ್ಕೆ ಒಂದು ಗುರುತು, ಪ್ರಾಣಿ ಕೊಬ್ಬಿಗೆ ಇನ್ನೊಂದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹಸುವಿನ ಹಾಲಿನ ಕೊಬ್ಬನ್ನೂ ಮಾಂಸದ ಕೊಬ್ಬನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ಎರಡರಲ್ಲೂ ಸ್ಟಿಯರಿಕ್ ಆಮ್ಲ ಎಂಬ ಕೊಬ್ಬಿನ ಅಂಶವಿದೆ. ಮೈಯ ಕೊಬ್ಬಿಗೆ ಬೇಕಾದ ಸ್ಟಿಯರಿಕ್ ಆಮ್ಲವನ್ನು ದೇಹವೇ ತಯಾರಿಸಿಕೊಳ್ಳಬಲ್ಲದು. ಕೆಚ್ಚಲಿಗೆ ಆ ಶಕ್ತಿ ಇಲ್ಲ. ಅದು ತಿಂದ ಮೇವಿನಿಂದ ಬಂದದ್ದನ್ನು ಬಳಸಿಕೊಳ್ಳುತ್ತದೆ. ಮೂಲ ಬೇರೆಯಾದ್ದರಿಂದ ಎರಡರ ಇಂಗಾಲದ ಐಸೋಟೋಪುಗಳ ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸ ಉಳಿಯುತ್ತದೆ. ಯಂತ್ರ ಅದನ್ನು ಹಿಡಿಯುತ್ತದೆ.

ಹಾಗಾದರೆ ಬಟ್ಟಲು ಹೇಳಿದ್ದೇನು?

ಲೂಸಿ ಕ್ರಾಂಪ್, ರಿಚರ್ಡ್ ಎವರ್ಶೆಡ್, ಹೆಲ್ಲಾ ಎಕಾರ್ಟ್ ಎಂಬ ಸಂಶೋಧಕರು ಬ್ರಿಟನ್ನಿನಲ್ಲಿ ಸಿಕ್ಕ ರುಬ್ಬುವ ಬಟ್ಟಲುಗಳನ್ನು ಹೀಗೆ ಪರೀಕ್ಷಿಸಿದರು. ಅವರ ಲೇಖನ 2011ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಬಂತು. ಅವರು ಮಾಡಿದ ಜಾಣತನದ ಕೆಲಸವೆಂದರೆ ಬಟ್ಟಲುಗಳನ್ನು ಮಾತ್ರ ನೋಡದೆ, ರೋಮನ್ನರ ಕಾಲದ ಮತ್ತು ಅದಕ್ಕೂ ಹಿಂದಿನ ಅಡುಗೆ ಮಡಕೆಗಳ ಜೊತೆ ಹೋಲಿಸಿದ್ದು.

ಬಟ್ಟಲುಗಳಲ್ಲಿ ಸಸ್ಯಗಳ ಗುರುತೂ ಇತ್ತು, ಪ್ರಾಣಿ ಕೊಬ್ಬೂ ಇತ್ತು, ಹಾಲಿನ ಪದಾರ್ಥಗಳ ಗುರುತೂ ಇತ್ತು. ಇವು ಹಿಂದಿನ ಮಡಕೆಗಳಲ್ಲೂ ಕಂಡವೇ. ಹೊಸದಾಗಿದ್ದದ್ದು ವಿಧಾನ. ಸೊಪ್ಪು ಸದೆಗಳನ್ನು ಮಡಕೆಯಲ್ಲಿ ಬೇಯಿಸುವುದರ ಜೊತೆಗೆ ಈಗ ಬಟ್ಟಲಿನಲ್ಲಿ ಅರೆಯುತ್ತಲೂ ಇದ್ದರು. ಸಂಶೋಧಕರ ತೀರ್ಮಾನವೂ ಅದೇ: ಬದಲಾದದ್ದು ತಿನ್ನುವ ಪದಾರ್ಥವಲ್ಲ, ಕೆಲವು ಪದಾರ್ಥಗಳನ್ನು ತಯಾರಿಸುವ ರೀತಿ.

ನಮ್ಮ ಮನೆಗಳನ್ನೇ ನೋಡಿ. ಒರಳು ಹೋಗಿ ಮಿಕ್ಸಿ ಬಂತು. ಕಾಯಿ ಚಟ್ನಿ ಕಾಯಿ ಚಟ್ನಿಯಾಗಿಯೇ ಉಳಿಯಿತು. ನಾಳೆ ಯಾರಾದರೂ ನಮ್ಮ ಮಿಕ್ಸಿ ಜಾರನ್ನು ಅಗೆದು ತೆಗೆದು ‘ಇವರು ಪಾಶ್ಚಾತ್ಯ ಊಟ ಮಾಡುತ್ತಿದ್ದರು’ ಎಂದರೆ ನಾವು ಒಪ್ಪುತ್ತೇವೆಯೇ?

ಹಾಗೆಂದು ಈ ಪರೀಕ್ಷೆ ಎಲ್ಲವನ್ನೂ ಹೇಳಿಬಿಡುತ್ತದೆ ಎಂದಲ್ಲ. ಒಂದು ಬಟ್ಟಲಿನಲ್ಲಿ ವರ್ಷಗಟ್ಟಲೆ ಅರೆದ ಎಲ್ಲದರ ಜಿಡ್ಡು ಒಟ್ಟಿಗೆ ಸೇರಿರುತ್ತದೆ. ಅದರಿಂದ ಒಂದು ದಿನದ ಅಡುಗೆಯನ್ನು ಬೇರ್ಪಡಿಸಲು ಬರುವುದಿಲ್ಲ. ಸೊಪ್ಪಿನ ಮೇಣ ಸಿಕ್ಕಿತೆಂದರೆ ಯಾವ ಸೊಪ್ಪು ಎಂದು ಹೆಸರಿಡಲು ಬಹಳ ಸಲ ಆಗದು. ಜೊತೆಗೆ ಅದೇ ಸಂಶೋಧಕರು ಇನ್ನೊಂದು ಪ್ರಶ್ನೆಯನ್ನು ತೆರೆದೇ ಇಟ್ಟಿದ್ದಾರೆ: ಸಸ್ಯ ಮತ್ತು ಕೊಬ್ಬನ್ನು ಬೆರೆಸುತ್ತಿದ್ದದ್ದು ಊಟಕ್ಕೋ, ಔಷಧಿಗೋ, ಮುಖಕ್ಕೆ ಹಚ್ಚುವ ಲೇಪಕ್ಕೋ? ಮೂರಕ್ಕೂ ಬೇಕಾದದ್ದು ಅರೆದ ಸೊಪ್ಪು, ಸ್ವಲ್ಪ ಜಿಡ್ಡು. ಕೆಲವು ಬಟ್ಟಲುಗಳ ತಳದಲ್ಲಿ ಮಸಿಯೂ ಇದೆ, ಅಂದರೆ ಅವನ್ನು ಒಲೆಯ ಮೇಲೂ ಇಟ್ಟಿದ್ದರು. ಒಂದೇ ಪಾತ್ರೆಗೆ ಒಂದೇ ಕೆಲಸ ಎಂಬ ನಿಯಮ ಯಾವ ಅಡುಗೆಮನೆಯಲ್ಲೂ ಇಲ್ಲ.

ಇದೇ ಪಾಠ ಚಿತ್ರದುರ್ಗದಲ್ಲೂ

ಪಾತ್ರೆ ನೋಡಿ ಮೂಲ ಹೇಳುವ ಅವಸರ ದೊಡ್ಡ ವಿದ್ವಾಂಸರನ್ನೂ ಬಿಟ್ಟಿಲ್ಲ. ಮಾರ್ಟಿಮರ್ ವೀಲರ್ 1930ರ ದಶಕದ ಆರಂಭದಲ್ಲಿ, ಬ್ರಾಕ್ಲಿ ಹಿಲ್‌ನಿಂದ ಹೆಚ್ಚು ದೂರವಿಲ್ಲದ ವೆರುಲೇಮಿಯಂ ಎಂಬ ರೋಮನ್ ಪಟ್ಟಣವನ್ನು ಪತ್ನಿ ಟೆಸ್ಸಾ ಜೊತೆಗೂಡಿ ಅಗೆದಿದ್ದರು. 1944ರಲ್ಲಿ ಅವರು ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದರು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆತ ನಡೆಸಿದರು.

ಈ ಸ್ಥಳಗಳಲ್ಲಿ ‘ರೂಲೆಟೆಡ್ ವೇರ್’ ಎಂಬ ಬಗೆಯ ತಟ್ಟೆಗಳ ಚೂರುಗಳು ಸಿಕ್ಕವು. ಒಳಗಡೆ ಸಣ್ಣ ಸಣ್ಣ ಗೀರುಗಳ ಸುತ್ತು ಸಾಲುಗಳಿರುವ ನುಣುಪಾದ ತಟ್ಟೆಗಳು ಅವು. ಆ ಅಲಂಕಾರ ನೋಡಿ ವೀಲರ್ ಇವುಗಳ ಮೂಲ ಮೆಡಿಟರೇನಿಯನ್ ಕಡೆಯದು ಎಂದು ಭಾವಿಸಿದರು. ಮುಂದೆ ವಿಮಲಾ ಬೆಗ್ಲಿ ಅವರಂತಹ ವಿದ್ವಾಂಸರು ಇದನ್ನು ಪ್ರಶ್ನಿಸಿದರು. ಆಮೇಲೆ ನಡೆದ ಮಣ್ಣಿನ ಪರೀಕ್ಷೆಗಳು ಈ ತಟ್ಟೆಗಳು ಭಾರತದಲ್ಲೇ ತಯಾರಾದವು ಎಂದು ತೋರಿಸಿದವು. ರೋಮ್ ಜೊತೆಗಿನ ವ್ಯಾಪಾರ ಸುಳ್ಳೇನಲ್ಲ, ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳೇ ಸಿಕ್ಕಿವೆ. ಆದರೆ ತಟ್ಟೆ ಮಾಡಿದ ಕೈ ಇಲ್ಲಿಯದು.

ಬ್ರಿಟನ್ನಿನಲ್ಲಿ ಬಟ್ಟಲಿನ ರೂಪ ಹೊರಗಿನದು, ಅದರಲ್ಲಿ ಅರೆದದ್ದು ಊರಿನದು. ಇಲ್ಲಿ ಹೊರಗಿನದು ಎಂದುಕೊಂಡ ತಟ್ಟೆಯೇ ನಮ್ಮದು. ಎರಡೂ ಕಡೆ ಸತ್ಯ ಹೊರಬಂದದ್ದು ಆಕಾರ ನೋಡಿ ಅಲ್ಲ, ಚೂರನ್ನು ಪರೀಕ್ಷೆ ಮಾಡಿ.

ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ

ಹಳೆಯ ವಸ್ತುವಿನ ಚಿತ್ರವೊಂದು ನಿಮ್ಮ ಗುಂಪಿಗೆ ಬಂದಾಗ ಇಷ್ಟು ಕೇಳಿಕೊಳ್ಳಿ.

ಒಂದು, ಇದನ್ನು ಎಲ್ಲಿ ಮಾಡಿದರು, ಎಲ್ಲಿ ಸಿಕ್ಕಿತು? ಎರಡೂ ಒಂದೇ ಆಗಿರಬೇಕಿಲ್ಲ. ಜಾಗದ ಹೆಸರೇ ಇಲ್ಲದ ಸಂದೇಶವನ್ನು ಅಲ್ಲಿಗೇ ನಿಲ್ಲಿಸಬಹುದು.

ಎರಡು, ಇದನ್ನು ಬಳಸಿದವರು ಯಾರು ಎಂದು ಹೇಗೆ ತಿಳಿಯಿತು? ವಸ್ತುವಿನ ಹೆಸರು ರೋಮನ್, ಮೊಘಲ್, ಚೋಳ ಎಂದ ಮಾತ್ರಕ್ಕೆ ಬಳಸಿದವರೂ ಅವರೇ ಆಗಿರಬೇಕಿಲ್ಲ.

ಮೂರು, ‘ಇದರಲ್ಲಿ ಇಂಥದ್ದನ್ನು ಮಾಡುತ್ತಿದ್ದರು’ ಎಂಬ ಮಾತಿಗೆ ಆಧಾರ ಏನು? ಪುಸ್ತಕವೋ, ಪರೀಕ್ಷೆಯೋ, ಬರೀ ಊಹೆಯೋ?

ರೋಮನ್ ಬಟ್ಟಲಿನ ಚಿತ್ರ ಮತ್ತೆ ಬಂದರೆ ಧಾರಾಳವಾಗಿ ಹಂಚಿಕೊಳ್ಳಿ, ನೋಡಲು ಚೆನ್ನಾಗಿದೆ. ಜೊತೆಗೆ ಒಂದು ಸಾಲು ಸೇರಿಸಿ: ಬಟ್ಟಲು ರೋಮ್‌ನದ್ದು, ಅದರಲ್ಲಿ ಅರೆದದ್ದು ಊರಿನವರು ಮೊದಲಿನಿಂದಲೂ ತಿನ್ನುತ್ತಿದ್ದದ್ದೇ.